ಹೆಸರು ಮಾರಿದ ಮೇಲೆ ಚಾ ಯಾರದ್ದು?



ಅಮೆರಿಕದ ಒಂದು ಚಾ ಬಾಟಲಿಗೂ ಕಾಸರಗೋಡಿನ ಕನ್ನಡ ಶಾಲೆಯ ಮಕ್ಕಳಿಗೂ ಎಂತ ಸಂಬಂಧ ಅಂತ ನೀವು ಕೇಳಬಹುದು. ಸಂಬಂಧ ಉಂಟು. ನಮ್ಮ ತರಗತಿಯ ಎಷ್ಟೋ ಮಕ್ಕಳ ಮನೆಯಲ್ಲಿ ಒಂದಿಷ್ಟು ಅಡಿಕೆ, ಅದರ ನೆರಳಿನಲ್ಲಿ ನಾಲ್ಕು ಕೊಕ್ಕೋ ಗಿಡ ಇದೆ. ಬೆಳೆದದ್ದನ್ನು ಕೊಳ್ಳುವವನು ಒಂದು ದಿನ "ಇನ್ನು ಬೇಡ" ಎಂದರೆ ಏನಾಗುತ್ತದೆ ಎಂಬುದು ಆ ಮನೆಗಳ ಹಿರಿಯರಿಗೆ ಚೆನ್ನಾಗಿ ಗೊತ್ತು. ಈ ಚಾದ ಕಥೆಯಲ್ಲೂ ಆದದ್ದು ಅದೇ.

ಯೇಲ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಬ್ಯಾರಿ ನೇಲ್‌ಬಫ್, ಅವರ ಹಳೆ ವಿದ್ಯಾರ್ಥಿ ಸೆತ್ ಗೋಲ್ಡ್‌ಮನ್ ಸೇರಿ 1998ರಲ್ಲಿ 'ಆನೆಸ್ಟ್ ಟೀ' ಎಂಬ ಕಂಪನಿ ತೆರೆದರು. ಹೆಸರು ಗುರುಗಳದ್ದು. ಅವರು ಅದಕ್ಕೆ ಸ್ವಲ್ಪ ಮೊದಲು ಭಾರತಕ್ಕೆ ಬಂದು ಇಲ್ಲಿಯ ಚಾ ಉದ್ಯಮವನ್ನು ಅಭ್ಯಾಸ ಮಾಡಿ ಹೋಗಿದ್ದರು. ಒಳ್ಳೆಯ ಎಲೆ ಬೇರೆ ಕಡೆ ಹೋಗಿ, ಎಲೆ ಸೋಸಿದ ಮೇಲೆ ಉಳಿಯುವ ಪುಡಿಯೇ ಅಮೆರಿಕದವರ ಪಾಲಿಗೆ ಬರುತ್ತದೆ ಎಂದು ಅವರಿಗೆ ಇಲ್ಲಿ ತಿಳಿಯಿತಂತೆ. ನಿಜವಾದ ಎಲೆಯಿಂದ ಮಾಡಿದ, ಸಕ್ಕರೆ ಕಡಿಮೆ ಇರುವ ಚಾ ಎಂಬ ಅರ್ಥದಲ್ಲಿ ಆ ಹೆಸರು. ಎರಡು ಪದ ಕೂಡಿಸಿ ಉಚ್ಚರಿಸಿದರೆ ಪ್ರಾಮಾಣಿಕತೆಗೆ ಇಂಗ್ಲಿಷಿನಲ್ಲಿರುವ ಪದವೇ ಆಗುತ್ತದೆ ನೋಡಿ! ಗೋಲ್ಡ್‌ಮನ್ ಮನೆಯ ಅಡುಗೆಮನೆಯಲ್ಲೇ ಚಾ ಕಾಸಿ, ಥರ್ಮಾಸ್‌ಗಳಲ್ಲಿ ತುಂಬಿ, ಬೇರೆ ಕಂಪನಿಯ ಖಾಲಿ ಬಾಟಲಿಗೆ ತಮ್ಮ ಚೀಟಿ ಅಂಟಿಸಿ ಒಂದು ದೊಡ್ಡ ಅಂಗಡಿಗೆ ತೋರಿಸಲು ಹೋದರು. 15,000 ಬಾಟಲಿಗೆ ಬೇಡಿಕೆ ಸಿಕ್ಕಿತು. ಆಗ ಅವರ ಹತ್ತಿರ ಕಾರ್ಖಾನೆಯೂ ಇರಲಿಲ್ಲ.

ಮುಂದೆ ಅವರು ಸಾವಯವ ಎಲೆಗೂ ಫೇರ್ ಟ್ರೇಡ್ ಪದ್ಧತಿಗೂ ಬಂದರು. ಫೇರ್ ಟ್ರೇಡ್ ಎಂದರೆ ಕೊಳ್ಳುವವನು ಎಲೆಯ ಬೆಲೆಯ ಮೇಲೆ ಇನ್ನೊಂದು ಮೊತ್ತ ಕೊಡುತ್ತಾನೆ. ಅದು ತೋಟದ ಮಾಲೀಕನ ಜೇಬಿಗೆ ಹೋಗುವುದಿಲ್ಲ. ಕೆಲಸಗಾರರದ್ದೇ ಒಂದು ಸಮಿತಿ ಕುಳಿತು ನೀರಿಗೋ, ಶಾಲೆಗೋ, ಆಸ್ಪತ್ರೆಗೋ ಎಂದು ತೀರ್ಮಾನಿಸುತ್ತದೆ. ಸಾವಯವದ ಮುದ್ರೆಯೂ ಸುಲಭದ್ದಲ್ಲ. ಅಮೆರಿಕದ ನಿಯಮದಂತೆ ಮೂರು ವರ್ಷ ನಿಷೇಧಿತ ಗೊಬ್ಬರ, ವಿಷ ಮುಟ್ಟಿಸದ ನೆಲ ಬೇಕು. ಆ ಮೂರು ವರ್ಷ ಇಳುವರಿ ಕಡಿಮೆಯಾದರೂ ಸಾವಯವದ ಬೆಲೆ ಸಿಗುವುದಿಲ್ಲ. ನಷ್ಟ ಸಹಿಸುವವನು ಬೆಳೆಗಾರ.

2008ರಲ್ಲಿ ಕೋಕಾ-ಕೋಲಾ ಈ ಕಂಪನಿಯ 40 ಶೇಕಡಾ ಪಾಲನ್ನು 4 ಕೋಟಿ 30 ಲಕ್ಷ ಡಾಲರಿಗೆ ಕೊಂಡಿತು. 2011ರಲ್ಲಿ ಉಳಿದದ್ದನ್ನೂ ಕೊಂಡಿತು. ಮಾರಿದ್ದು ತಪ್ಪೇ? ಹಲವರು ಹೌದೆನ್ನುತ್ತಾರೆ. ನಾನು ಹಾಗೆ ಹೇಳಲಾರೆ. ದೊಡ್ಡವರ ಲಾರಿ, ದೊಡ್ಡವರ ಗೋದಾಮು ಸಿಕ್ಕಿದ್ದರಿಂದ ಆ ಚಾ ಊರೂರಿನ ಅಂಗಡಿಗೆ ಹೋಯಿತು, ತೋಟಗಳಿಂದ ಖರೀದಿಯೂ ಹೆಚ್ಚಿತು. ಸ್ಥಾಪಕರು ಒಳಗಿದ್ದಷ್ಟು ದಿನ ಗಟ್ಟಿಯಾಗಿಯೂ ನಿಂತರು. ಮಕ್ಕಳ ಪಾನೀಯದ ಪೊಟ್ಟಣದ ಮೇಲಿದ್ದ 'ಜೋಳದ ಸಿಹಿಪಾಕ ಇಲ್ಲ' ಎಂಬ ಮಾತನ್ನು ತೆಗೆಯಿರಿ ಎಂದು ಕೋಕ್‌ನವರು ಕೇಳಿದಾಗ (ಅವರ ಇತರ ಪಾನೀಯಗಳಲ್ಲಿ ಇದ್ದದ್ದು ಅದೇ ತಾನೇ!) ಗೋಲ್ಡ್‌ಮನ್ ಒಪ್ಪಲಿಲ್ಲ.

2019ರ ಕೊನೆಗೆ ಅವರು ಹೊರಬಂದರು. 2022ರ ಮೇ ತಿಂಗಳಲ್ಲಿ ಕೋಕಾ-ಕೋಲಾ ಒಂದು ಪ್ರಕಟಣೆ ಕೊಟ್ಟಿತು: ವರ್ಷದ ಕೊನೆಗೆ ಆನೆಸ್ಟ್ ಟೀ ಬಂದ್. ಮಕ್ಕಳ ಪಾನೀಯ ಮಾತ್ರ ಉಳಿಯಿತು. ಕಂಪನಿಗೆ ತನ್ನದೇ ಬೇರೆ ಎರಡು ಚಾ ಇತ್ತು, ಲೆಕ್ಕ ಅಲ್ಲಿಗೆ ಸರಿಹೋಯಿತು. ಆದರೆ ಇವರನ್ನು ನಂಬಿ ನೆಲ ಬದಲಾಯಿಸಿದ ತೋಟಗಳ ಲೆಕ್ಕ?

ಇಲ್ಲಿ ಗೋಲ್ಡ್‌ಮನ್ ಮಾಡಿದ್ದು ನನಗೆ ಬಹಳ ಹಿಡಿಸಿತು. ಹೆಸರು ತನ್ನದಲ್ಲ, ಅದನ್ನು ಮುಟ್ಟುವಂತಿಲ್ಲ. ಸರಿ, ಹೆಸರು ಬಿಟ್ಟರು. ಅಡುಗೆಯವ ಸ್ಪೈಕ್ ಮೆಂಡೆಲ್ಸನ್ ಜೊತೆ 2020ರಲ್ಲಿ ಕಟ್ಟಿದ್ದ 'ಈಟ್ ದ ಚೇಂಜ್' ಎಂಬ ಸಣ್ಣ ಕಂಪನಿಯಿಂದ 2022ರ ಸೆಪ್ಟೆಂಬರಿಗೆ 'ಜಸ್ಟ್ ಐಸ್ ಟೀ' ಅಂಗಡಿಗೆ ಬಂತು. ಹಳೆ ಗುರುಗಳೂ ಕೂಡಿಕೊಂಡರು. ಮತ್ತೆ ಸಾವಯವ, ಮತ್ತೆ ಫೇರ್ ಟ್ರೇಡ್, ಮತ್ತೆ ಗಾಜಿನ ಬಾಟಲಿ. ಹೆಸರಿನ ಮೊದಲ ಎರಡು ಪದ ಕೂಡಿಸಿದರೆ 'ನ್ಯಾಯ' ಎಂದಾಗುತ್ತದೆ. ಈ ಮನುಷ್ಯರಿಗೆ ಪದದಾಟ ಬಿಡುವುದಿಲ್ಲ ಅಂತ ಕಾಣುತ್ತದೆ!

ಇದನ್ನು ಹತ್ತನೆಯ ತರಗತಿಯಲ್ಲಿ ಹೇಳಿದಾಗ ಒಬ್ಬಳು ಹುಡುಗಿ ಕೇಳಿದಳು: "ಮಾಷ್ಟ್ರೇ, ಅವರಿಗೆ ಮತ್ತೆ ಸುರು ಮಾಡ್ಲಿಕ್ಕೆ ಮನಸ್ಸಿಲ್ಲದಿದ್ರೆ?" ಪ್ರಶ್ನೆ ಅಲ್ಲಿಯೇ ಇರುವುದು. ಎಲ್ಲರೂ ಸ್ಥಾಪಕರನ್ನು ಹೊಗಳುತ್ತಾರೆ, ನಾನೂ ಹೊಗಳಿದೆ. ಆದರೆ ಎಲೆ ಕೀಳುವವರ ಪಾಲು ಒಬ್ಬ ಹಣವಂತನ ಒಳ್ಳೆಯತನದ ಮೇಲೆ ನಿಂತಿತ್ತು. ಅದು ಭದ್ರತೆ ಅಲ್ಲ, ಅದೃಷ್ಟ. ನಮ್ಮ ಗೋಲ್ಡ್ ಸ್ಪಾಟ್ ನೆನಪಿದೆಯೇ? 1993ರಲ್ಲಿ ರಮೇಶ್ ಚೌಹಾಣ್ ತಮ್ಮ ಪಾನೀಯಗಳನ್ನು ಇದೇ ಕೋಕಾ-ಕೋಲಾಕ್ಕೆ ಮಾರಿದರು. ಥಮ್ಸ್ ಅಪ್ ಉಳಿಯಿತು, ಗೋಲ್ಡ್ ಸ್ಪಾಟ್ ಹೋಯಿತು. ಕೊಂಡವನಿಗೆ ಮುಚ್ಚುವ ಹಕ್ಕೂ ಸಿಗುತ್ತದೆ.

ನನ್ನ ಅಭಿಪ್ರಾಯ ಇಷ್ಟು. ನ್ಯಾಯದ ವ್ಯಾಪಾರ ಎನ್ನುವವರು ಮಾರುವಾಗಲೇ ಕರಾರಿನಲ್ಲಿ ಬೆಳೆಗಾರನ ಹೆಸರು ಬರಬೇಕು. ಮುಚ್ಚುವುದಾದರೆ ಎಷ್ಟು ಫಸಲಿನ ಮೊದಲು ತಿಳಿಸಬೇಕು, ಅಲ್ಲಿವರೆಗೆ ಎಲೆ ಯಾರು ಕೊಳ್ಳಬೇಕು, ಹೆಸರನ್ನು ಮೊದಲಿನವರಿಗೆ ತಿರುಗಿ ಕೊಡುವುದೋ ಇಲ್ಲವೋ, ಇಷ್ಟಾದರೂ.

ಇನ್ನೊಂದು ದಾರಿ ನಮ್ಮ ಪಕ್ಕದಲ್ಲೇ ಉಂಟು. ಅಡಿಕೆ ಬೆಲೆ ಬಿದ್ದಾಗ ಗಡಿಯ ಎರಡೂ ಕಡೆಯ ಕೃಷಿಕರು ಸೇರಿ 1973ರಲ್ಲಿ ಕ್ಯಾಂಪ್ಕೋ ಕಟ್ಟಿದರು. ಮುಂದೆ ಕೊಕ್ಕೋ ಕೊಳ್ಳುವವರು ಕೈಬಿಟ್ಟಾಗ ಅದೇ ಸಂಘ ಕೊಳ್ಳಲು ಇಳಿಯಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆಯನ್ನೇ ತೆರೆಯಿತು. ಸಹಕಾರಿ ಸಂಘದಲ್ಲಿ ದೂರು ಇಲ್ಲವೆಂದಲ್ಲ, ಕೃಷಿಕರ ಮನೆಯಲ್ಲಿ ಕುಳಿತರೆ ಬೇಕಾದಷ್ಟು ಕೇಳಬಹುದು. ಆದರೆ ಒಬ್ಬನಿಗೆ ಒಂದೇ ಮತ ಇರುವಲ್ಲಿ ಯಾವ ಕಂಪನಿಯೂ 40 ಶೇಕಡಾ ಕೊಂಡು ಒಳಗೆ ಬರಲಾಗುವುದಿಲ್ಲ.

ಆ ಹುಡುಗಿಯ ಪ್ರಶ್ನೆಯನ್ನೇ ಈಗ ತರಗತಿಗೆ ಚಟುವಟಿಕೆಯಾಗಿ ಕೊಟ್ಟಿದ್ದೇನೆ: ನೀವು ಚಾತೋಟದ ಕೆಲಸಗಾರರಾದರೆ ಮಾರಾಟದ ಕರಾರಿನಲ್ಲಿ ಯಾವ ಐದು ಸಾಲು ಬರೆಸುತ್ತೀರಿ? ವಯನಾಡಿನಲ್ಲೋ ನೀಲಗಿರಿಯಲ್ಲೋ ಚಾತೋಟದ ಹತ್ತಿರ ಪಾಠ ಮಾಡುವ ಮಾಷ್ಟ್ರುಗಳು, ಟೀಚರುಗಳು ತಮ್ಮ ಮಕ್ಕಳಿಂದಲೂ ಬರೆಸಿ ಕಳಿಸಿದರೆ ಎರಡನ್ನೂ ಜೊತೆಗಿಟ್ಟು ಓದಬಹುದು.