ಹೆಸರು ನಾಲ್ಕು, ನೆಲ ಒಂದು

ಕೂಡಿಟ್ಟ ಹಣವನ್ನು ನೆಲದ ಮೇಲೆ ಹಾಕಬೇಕೆಂಬ ಆಸೆ ನಮ್ಮ ಗೃಹಸ್ಥರಲ್ಲಿ ಬಹು ಹಳೆಯದು. ಒಡವೆಯನ್ನು ಕಳ್ಳನು ಕದ್ದಾನು, ಕೈಯಲ್ಲಿರುವ ಕಾಸು ಕರಗಿ ಹೋದೀತು, ನೆಲವನ್ನು ಮಾತ್ರ ಯಾರು ಹೊತ್ತುಕೊಂಡು ಹೋಗುವರು ಎಂಬುದು ನಮ್ಮ ತಾಯಂದಿರ ವಾದ. ವಾದವೇನೋ ಸರಿಯೆ. ಆದರೆ ನೆಲವನ್ನು ಹೊತ್ತೊಯ್ಯಲು ಬಾರದಿದ್ದರೂ ಒಂದೇ ನೆಲವನ್ನು ನಾಲ್ಕಾಗಿ ತೋರಿಸಲು ಬರುವುದೆಂಬ ಸಂಗತಿಯನ್ನು ನಾನು ಕಳೆದ ಪುಷ್ಯಮಾಸದಲ್ಲಿ ಕಲಿತೆನು. ಮಕ್ಕಳಿಗೆ ಪಾಠ ಹೇಳಿ ಮುದುಕನಾದವನಿಗೆ ದೊರೆತ ಈ ಹೊಸ ಪಾಠವನ್ನು ಈ ತಿಂಗಳು ವಾಚಕರ ಮುಂದಿಡುವೆನು.

ನನ್ನ ತಂಗಿ ಕಂಪ್ಲಿಯಲ್ಲಿರುವಳು. ಆಕೆಯ ಯಜಮಾನರು ಕಾಲವಾಗಿ ಎರಡು ವರ್ಷಗಳಾದುವು. ಅವರ ನೌಕರಿಯ ಲೆಕ್ಕದಲ್ಲಿ ಬಂದ 14 ಲಕ್ಷ ರೂಪಾಯಿಯೇ ಆಕೆಯ ಸರ್ವಸ್ವ. ಹೊಸಪೇಟೆಯಲ್ಲಿ ನಮಗೆ ಸಮೀಪವಾಗಿ ಇಪ್ಪತ್ತು ಮೂವತ್ತರ ಒಂದು ಸೈಟನ್ನು ಕೊಂಡು, ಎರಡು ಕೋಣೆಯ ಮನೆ ಕಟ್ಟಿಸಿ, ಕಡೆಗಾಲವನ್ನು ಒಡಹುಟ್ಟಿದವರ ನೆರಳಿನಲ್ಲಿ ಕಳೆಯಬೇಕೆಂದು ಆಕೆಯ ಸಂಕಲ್ಪ. ಮಗನು ಮೊಬೈಲನ್ನು ತೆರೆದು ಹುಡುಕಿಕೊಟ್ಟನು. ನಾಲ್ಕು ಜಾಲತಾಣಗಳು ಕಂಡುವು. ಒಂದು ನಿವೃತ್ತರಿಗಾಗಿ ಎಂದಿತು. ಒಂದು ಹಂಪಿಯ ಮಗ್ಗುಲಲ್ಲಿ ಎಂದಿತು. ಮತ್ತೊಂದು ಹೊಸ ಜಿಲ್ಲಾಕೇಂದ್ರದ ಭಾಗ್ಯವೆಂದು ಹೊಗಳಿಕೊಂಡಿತು. ಇನ್ನೊಂದು ತುಂಗಭದ್ರೆಯ ತಂಗಾಳಿಯನ್ನು ಮುಂದೆ ಮಾಡಿತು. ಮೊದಲ ಮೂರರಲ್ಲಿ ಚದರಡಿಗೆ 1,400, 1,350, 1,300 ರೂಪಾಯಿ, ನಾಲ್ಕನೆಯದರಲ್ಲಿ 950. ತಂಗಿಯು ಎರಡು ಕಡೆ ತನ್ನ ಹೆಸರನ್ನೂ ದೂರವಾಣಿಯ ಸಂಖ್ಯೆಯನ್ನೂ ಬರೆದಳು. ಹೊತ್ತು ಮುಳುಗುವುದರೊಳಗೆ ಏಳು ಜನ ಆಕೆಯನ್ನು ಕರೆದಿದ್ದರು!

ಮರುದಿನ ಬೆಳಿಗ್ಗೆ ಆಕೆ ನನಗೆ ಫೋನು ಮಾಡಿದಳು. “ಅಣ್ಣಾ, ನಾಲ್ಕು ಕಡೆ ವಿಚಾರಿಸಿದ್ದಾಯಿತು. ಮೂರು ಕಡೆ ಹೆಚ್ಚಿಗೆ ಹೇಳುತ್ತಾರೆ, ಒಂದು ಕಡೆ ಮಾತ್ರ ಕಡಿಮೆ. ಇವತ್ತೇ ಐವತ್ತು ಸಾವಿರ ಟೋಕನ್ ಹಾಕದಿದ್ದರೆ ಕೈತಪ್ಪಿ ಹೋಗುತ್ತದಂತೆ.”

“ನಾಲ್ಕು ಕಡೆಯವರನ್ನೂ ಸರ್ವೆ ನಂಬರು ಕೇಳಮ್ಮ. ದುಡ್ಡಿನ ಮಾತು ಆಮೇಲೆ,” ಎಂದೆನು.

ಆಕೆಗೆ ಸ್ವಲ್ಪ ಬೇಸರವಾಯಿತು. ಆದರೂ ಕೇಳಿದಳು. ಇಬ್ಬರು ಹಿಂದೆಮುಂದೆ ನೋಡಿದರು. ಹಣ ಕಳಿಸಿದ ಮೇಲೆ ಹೇಳುವೆವೆಂದರು. ಆಕೆ ಪಟ್ಟು ಬಿಡಲಿಲ್ಲ. ಸಂಜೆಯ ಹೊತ್ತಿಗೆ ನಾಲ್ಕೂ ಕಡೆಯ ಉತ್ತರ ಕೈಗೆ ಬಂದಿತು. ನಾಲ್ಕರಲ್ಲಿಯೂ ಊರು ಒಂದೇ, ಸರ್ವೆ ನಂಬರು ಒಂದೇ! ಆಮೇಲೆ ಚಿತ್ರಗಳನ್ನು ಒತ್ತಟ್ಟಿಗಿಟ್ಟು ನೋಡಲಾಗಿ, ಬೇರೆ ಬೇರೆ ಮಗ್ಗುಲಿನಿಂದ ತೆಗೆದ ಅದೇ ಕಮಾನು, ಅದೇ ಮೂರು ತೆಂಗಿನ ಮರಗಳು. ಮೂರು ಕಡೆ ಬೆಲೆಯನ್ನು ಏರಿಸಿದ್ದು ನಾಲ್ಕನೆಯದು ಅಗ್ಗವೆಂದು ತೋರಲೆಂದೇ ಎಂಬುದು ಆಗ ನಮಗೆ ಹೊಳೆಯಿತು.

ಕಂದಾಯ ಇಲಾಖೆಯ ಭೂಮಿ ಜಾಲತಾಣದಲ್ಲಿ ಯಾರು ಬೇಕಾದರೂ ಪಹಣಿಯನ್ನು ನೋಡಬಹುದಷ್ಟೆ. ನೋಡಿದೆವು. ಆ ನೆಲ ಇನ್ನೂ ಕಾಲುವೆಯ ನೀರುಂಡು ಬತ್ತ ಬೆಳೆಯುವ ತರಿ ಜಮೀನೆಂದೇ ದಾಖಲೆಯಲ್ಲಿತ್ತು. ಮನೆ ಕಟ್ಟುವ ಜಾಗವಾಗಲು ಬೇಕಾದ ಭೂಪರಿವರ್ತನೆಯ ಸುಳಿವೇ ಇರಲಿಲ್ಲ. ನಾನೂ ಸೋದರಳಿಯನೂ ಆಟೋ ಹಿಡಿದು ಹೋಗಿ ನೋಡಿದರೆ, ಕೊಯ್ದ ಬತ್ತದ ಕೂಳೆಯ ನಡುವೆ ಸುಣ್ಣದ ಗೆರೆಗಳು! ಇಂಥದಕ್ಕೆ ನಮ್ಮ ಕಡೆ ರೆವಿನ್ಯೂ ಸೈಟೆಂದು ಹೆಸರು. ಕೊಂಡವನಿಗೆ ಖಾತೆಯೂ ಆಗದು, ಮನೆ ಕಟ್ಟಲು ಪರವಾನಗಿಯೂ ದೊರೆಯದು.

ಇಲ್ಲಿ ನನ್ನ ತಂಗಿಯ ತಪ್ಪೇನೆಂಬುದನ್ನು ವಿಚಾರಿಸಬೇಕು. ಆಕೆ ಅವಿಚಾರದಿಂದ ನಡೆದವಳಲ್ಲ. ಒಬ್ಬನ ಮಾತನ್ನು ನಂಬದೆ ನಾಲ್ವರನ್ನು ಕೇಳಬೇಕೆಂಬ ಹಿರಿಯರ ಬುದ್ಧಿವಾದವನ್ನೇ ಪಾಲಿಸಿದಳು. ಆದರೆ ಸಾಕ್ಷಾತ್ತಾಗಿ ಕಂಡವನು ಸಾಕ್ಷಿಯೆಂಬುದು ಪಾಣಿನಿಯ ಕಾಲದಿಂದ ಬಂದ ವ್ಯುತ್ಪತ್ತಿ. ನಾಲ್ಕು ಬಾಯಿಂದ ನುಡಿದವನು ಒಬ್ಬನೇ ಆದರೆ ಸಾಕ್ಷಿಯೂ ಒಂದೇ. ಅಂಗಳದಲ್ಲಿ ನಾಲ್ಕು ಕೊಡಗಳಲ್ಲಿ ನೀರಿಟ್ಟರೆ ನಾಲ್ಕು ಚಂದ್ರರು ಕಾಣುವರು. ಎಣಿಸುವ ಮೊದಲು ಒಮ್ಮೆ ತಲೆಯೆತ್ತಿ ನೋಡಬೇಕಾದುದು ಅವಶ್ಯ.

ಈ ವ್ಯಾಪಾರದ ಒಳಮರ್ಮವು ನನಗೆ ತಿಳಿದುದು ಯುಗಾದಿಯ ದಿನ. ನಮಸ್ಕಾರಕ್ಕೆಂದು ಬಂದ ಹಳೆಯ ಶಿಷ್ಯನೊಬ್ಬನು ಈಗ ಸೈಟು ಮನೆಗಳ ದಲ್ಲಾಳಿಯಾಗಿರುವನು. ಸರ್ಕಾರದಲ್ಲಿ ನೋಂದಾಯಿಸಿಕೊಂಡವನು, ಸಭ್ಯನು. ಬೇವುಬೆಲ್ಲ ತಿಂದಾದ ಮೇಲೆ ಮೆಲ್ಲನೆ ಮಾತು ತೆಗೆದನು.

“ಗುರುಗಳೇ, ಐದು ಜಾಲತಾಣ ಮಾಡಿಸಿದ್ದೇನೆ. ತಾವು ಅದರ ಕನ್ನಡವನ್ನು ತಿದ್ದಿಕೊಡಬೇಕು.”

“ಇರುವವನು ನೀನೊಬ್ಬ. ಐದು ಏಕಪ್ಪಾ?”

ಅವನು ವಿವರಿಸಿದನು. ಹುಡುಕುವವರು ಒಂದೇ ಮಾತಿನಿಂದ ಹುಡುಕುವುದಿಲ್ಲ. ಒಬ್ಬನು ಹೊಸಪೇಟೆ ಸೈಟೆಂದು ಬರೆದರೆ, ಇನ್ನೊಬ್ಬನು ಸಂಡೂರಿನಲ್ಲಿ ಬಾಡಿಗೆ ಮನೆಯೆಂದೂ, ಮತ್ತೊಬ್ಬನು ಹಂಪಿಯ ಹತ್ತಿರ ತೋಟವೆಂದೂ ಬರೆಯುವನು. ಒಂದೊಂದು ಮಾತಿಗೆ ಒಂದೊಂದು ತಾಣವಿದ್ದರೆ ಯಾವುದಾದರೊಂದು ಕಣ್ಣಿಗೆ ಬೀಳುವುದು. 2005ರಲ್ಲಿ ಆರಂಭವಾದ 99ಏಕರ್ಸ್, 2006ರಲ್ಲಿ ಬಂದ ಮ್ಯಾಜಿಕ್‌ಬ್ರಿಕ್ಸ್ ಮೊದಲಾದವು ದೊಡ್ಡ ಸಂತೆಗಳು. ಅಲ್ಲಿ ನೂರಾರು ವ್ಯಾಪಾರಿಗಳ ನಡುವೆ ಗಿರಾಕಿಯು ಯಾರ ಕಡೆಗಾದರೂ ಹೋದಾನು. ಸ್ವಂತ ತಾಣಕ್ಕೆ ಬಂದವನು ತನಗೇ ಉಳಿಯುವನು. ಎಲ್ಲ ತಾಣಗಳಲ್ಲಿಯೂ ಹೆಸರನ್ನೂ ಸಂಖ್ಯೆಯನ್ನೂ ಬರೆಯುವ ಒಂದು ಚೌಕವಿರುವುದು. ಅಲ್ಲಿ ಬರೆದುದೆಲ್ಲ ಕಡೆಗೆ ಒಂದೇ ಪಟ್ಟಿಗೆ ಬಂದು ಬೀಳುವುದು. ಹೀಗೆ ದೊರೆತ ಗಿರಾಕಿಯ ಸುಳಿವಿಗೆ ಅವರು ಲೀಡೆಂದು ಹೆಸರಿಟ್ಟಿರುವರು. ಕೆಲವರು ಆ ಲೀಡನ್ನು ತಾವೂ ಉಪಯೋಗಿಸಿ, ನಾಲ್ಕಾರು ಜನರಿಗೆ ಮಾರುವುದೂ ಉಂಟಂತೆ. ಎರಡು ಕಡೆ ಬರೆದ ನನ್ನ ತಂಗಿಯನ್ನು ಏಳು ಜನ ಏಕೆ ಕರೆದರೆಂಬುದು ಆಗ ತಿಳಿಯಿತು. ಸೈಟನ್ನು ಕೊಳ್ಳಹೊರಟ ಆಕೆ ತಾನೇ ಸರಕಾಗಿದ್ದಳು!

ನಾನು ಆಕೆಯ ಕಥೆಯನ್ನು ಹೇಳಿದೆನು. ಶಿಷ್ಯನ ಮುಖ ಸಪ್ಪಗಾಯಿತು. “ನಾನು ಹಾಗೆ ಮೋಸ ಮಾಡುವವನಲ್ಲ, ಗುರುಗಳೇ,” ಎಂದನು. ಅದು ನಿಜವೆಂದು ನಾನೂ ಬಲ್ಲೆನು. ಪೇಟೆಯಲ್ಲೊಂದು, ಕಮಲಾಪುರದಲ್ಲೊಂದು ಅಂಗಡಿ ಇಟ್ಟ ಕಿರಾಣಿ ವ್ಯಾಪಾರಿಯನ್ನು ಯಾರೂ ಕಳ್ಳನೆನ್ನುವುದಿಲ್ಲ. ಬಾಡಿಗೆ ಮನೆಗೆ ಒಂದು, ತೋಟಕ್ಕೆ ಒಂದು, ಸೈಟಿಗೆ ಒಂದು ತಾಣವಿದ್ದರೆ ಹುಡುಕುವವರಿಗೆ ಅನುಕೂಲವೇ ಸರಿ. ಆದರೆ ಅಂಗಡಿಗಳ ಮೇಲೆ ಒಂದೇ ಹಲಗೆ ಇರಬೇಕು. ಒಂದೇ ಸರಕನ್ನು ಬೇರೆ ಬೇರೆ ಹಲಗೆಗಳ ಕೆಳಗಿಟ್ಟು, ತನಗೆ ತಾನೇ ಪ್ರತಿಸ್ಪರ್ಧಿಯಂತೆ ನಟಿಸಿದರೆ ಅದು ವ್ಯಾಪಾರವಲ್ಲ, ವೇಷ. ಗೂಗಲ್ ಸಂಸ್ಥೆಯ ಪ್ರಕಟಿತ ನಿಯಮಗಳೂ, ಅಲ್ಪಸ್ವಲ್ಪ ಬದಲಾಯಿಸಿದ ಹಲವು ತಾಣಗಳಿಂದ ಒಂದೇ ಬಗೆಯ ಹುಡುಕಾಟವನ್ನು ತನ್ನ ಕಡೆಗೆಳೆಯುವುದನ್ನು ವಂಚನೆಯ ವರ್ಗಕ್ಕೆ ಸೇರಿಸಿವೆ; ಅಂಥ ತಾಣಗಳನ್ನು ಹಿಂದಕ್ಕೆ ತಳ್ಳುವ, ಇಲ್ಲವೆ ತೆಗೆದೇ ಹಾಕುವ ಅಧಿಕಾರವನ್ನು ಆ ಸಂಸ್ಥೆ ಇಟ್ಟುಕೊಂಡಿರುವುದು. ಅದುದರಿಂದ ಇದು ಧರ್ಮಕ್ಕೆ ಮಾತ್ರವಲ್ಲದೆ ಲಾಭಕ್ಕೂ ಹಾನಿ.

ರಾಜಶಾಸನವೂ ಇಲ್ಲಿ ಮೌನವಾಗಿಲ್ಲ. 2016ರಲ್ಲಿ ಸಂಸತ್ತು ಅಂಗೀಕರಿಸಿ, 2017ರ ಮೇ 1ರಿಂದ ಪೂರ್ಣವಾಗಿ ಜಾರಿಗೆ ಬಂದ ರೇರಾ ಕಾಯಿದೆಯ ಪ್ರಕಾರ, 500 ಚದರ ಮೀಟರಿಗೆ ಮೀರಿದ ನೆಲವನ್ನು ಸೈಟುಗಳಾಗಿ ವಿಂಗಡಿಸಿ ಮಾರುವವನು ಮೊದಲು ಪ್ರಾಧಿಕಾರದಲ್ಲಿ ನೋಂದಾಯಿಸಿಕೊಳ್ಳತಕ್ಕದ್ದು. ಅದಕ್ಕೆ ಮುಂಚೆ ಜಾಹೀರಾತನ್ನೂ ಕೊಡಕೂಡದು. ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆಯೂ ಪ್ರಾಧಿಕಾರದ ಜಾಲತಾಣದ ವಿಳಾಸವೂ ಇರಬೇಕು. ಇಂಥ ಯೋಜನೆಯ ಸೈಟುಗಳನ್ನು ಮಾರಿಸುವ ದಲ್ಲಾಳಿಯೂ ನೋಂದಾಯಿಸಿಕೊಳ್ಳಬೇಕು. ನೋಂದಾಯಿತ ಕರಾರುಪತ್ರವಾಗುವ ಮೊದಲು ಒಟ್ಟು ಬೆಲೆಯ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮುಂಗಡವನ್ನು ಪಡೆಯುವಂತಿಲ್ಲ. ಸುಳ್ಳು ಜಾಹೀರಾತನ್ನು ನಂಬಿ ಹಣ ಕೊಟ್ಟವನು ಹಿಂದೆ ಸರಿಯಬಯಸಿದರೆ, ಕೊಟ್ಟುದನ್ನು ಬಡ್ಡಿಸಹಿತವಾಗಿ ಮರಳಿ ಪಡೆಯುವ ಹಕ್ಕುಂಟು. ತಂಗಿಯು ಕಂಡ ನಾಲ್ಕು ತಾಣಗಳಲ್ಲಿ ಒಂದರಲ್ಲಿಯೂ ನೋಂದಣಿ ಸಂಖ್ಯೆ ಇರಲಿಲ್ಲ. ಅದೊಂದನ್ನು ಮೊದಲೇ ನೋಡಿದ್ದರೆ ಏಳು ಕರೆಗಳ ಉಪದ್ರವವೂ ತಪ್ಪುತ್ತಿತ್ತು.

ನಮ್ಮ ಸೀಮೆಯಲ್ಲಿ ಇನ್ನೊಂದು ಎಚ್ಚರ ಬೇಕು. 2021ರಲ್ಲಿ ವಿಜಯನಗರ ಜಿಲ್ಲೆಯಾಗಿ ಹೊಸಪೇಟೆಯು ಅದರ ಕೇಂದ್ರವಾದುದು ಸಂತೋಷದ ಸಂಗತಿ. ಆದರೆ ಜಿಲ್ಲೆಯ ಹೆಸರೂ ಹಂಪಿಯ ಹೆಸರೂ ಇಂದು ಸೈಟು ಮಾರುವವರ ನಾಲಗೆಯ ತುದಿಯಲ್ಲಿವೆ. ಹಂಪಿಯ ಸ್ಮಾರಕಗಳು 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಆ ಪ್ರದೇಶದ ರಕ್ಷಣೆಗೆಂದು 2002ರ ಕಾಯಿದೆಯಿಂದ ಪ್ರತ್ಯೇಕ ಪ್ರಾಧಿಕಾರವೂ ಏರ್ಪಟ್ಟಿತು. ಅದರ ಎಲ್ಲೆಯೊಳಗಿನ ಗ್ರಾಮಗಳಲ್ಲಿ ಮನಬಂದಂತೆ ಕಟ್ಟುವ ಹಾಗಿಲ್ಲ. ಹೊಳೆಯಾಚೆಯ ವಿರೂಪಾಪುರ ಗಡ್ಡೆಯಲ್ಲಿ ಅನುಮತಿಯಿಲ್ಲದೆ ಎದ್ದಿದ್ದ ರೆಸಾರ್ಟುಗಳನ್ನು 2020ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಮೇಲೆ ಕೆಡವಿದುದು ಎಲ್ಲರೂ ಬಲ್ಲ ಸಂಗತಿ. ಆದುದರಿಂದ ಹಂಪಿಗೆ ಹತ್ತೇ ನಿಮಿಷವೆಂಬ ಮಾತು ಕಿವಿಗೆ ಇಂಪಾದಷ್ಟೂ ವಿಚಾರಣೆ ಹೆಚ್ಚಾಗಬೇಕು.

ನಮ್ಮ ಪೂರ್ವಿಕರಿಗೆ ಜಾಲತಾಣಗಳಿರಲಿಲ್ಲ. ಆದರೆ ನೆಲದ ವಿಷಯದಲ್ಲಿ ಅವರ ಜಾಗರೂಕತೆ ಅಸಾಧಾರಣವಾದುದು. ವಿಜಯನಗರದ ಕಾಲದ ದಾನಶಾಸನಗಳಲ್ಲಿ ದೊರೆಯ ಬಿರುದುಗಳು ಎಷ್ಟೇ ಉದ್ದವಾಗಿರಲಿ, ನೆಲದ ಮಾತು ಬಂದ ಕೂಡಲೆ ನಾಲ್ಕು ದಿಕ್ಕಿನ ಎಲ್ಲೆಯನ್ನು ಹೇಳುವರು: ಇಂಥ ಹಳ್ಳ, ಇಂಥ ಗುಡ್ಡ, ಇಂಥ ಊರಿನ ಗಡಿ. ಎಲ್ಲೆಯಲ್ಲಿ ವಾಮನಮುದ್ರೆಯ ಕಲ್ಲನ್ನು ನೆಡುವುದೂ ಉಂಟು. ಹೊಗಳಿಕೆ ಹೆಸರಿಗೆ ಸೇರಿದ್ದು, ಎಲ್ಲೆ ನೆಲಕ್ಕೆ ಸೇರಿದ್ದು ಎಂಬ ವಿವೇಕ ಅವರಲ್ಲಿತ್ತು. ನಮ್ಮ ಊರನ್ನೇ ನೋಡಿರಿ: ಕೃಷ್ಣದೇವರಾಯನ ಕಾಲದಲ್ಲಿ ನಾಗಲಾಪುರ, ಆಂಗ್ಲರ ಬಾಯಲ್ಲಿ ಹಾಸ್ಪೆಟ್, 2014ರಿಂದ ಸರ್ಕಾರದ ಕಾಗದದಲ್ಲಿಯೂ ಹೊಸಪೇಟೆ. ಹೆಸರು ಮೂರಾದರೂ ನೆಲ ಒಂದೇ. ಅಂದಿನ ವಾಮನಮುದ್ರೆಗೆ ಇಂದಿನ ಪ್ರತಿನಿಧಿ ಸರ್ವೆ ನಂಬರು.

ವಾಚಕರಿಗೆ, ಅದರಲ್ಲಿಯೂ ಮನೆಯ ಹಣದ ಹೊಣೆ ಹೊತ್ತ ಸೋದರಿಯರಿಗೆ, ನನ್ನ ವಿನಂತಿ ಇಷ್ಟೆ. ನಿಮ್ಮ ಸಂಖ್ಯೆಯನ್ನು ಬರೆಯುವ ಮೊದಲು ತಾಣದಲ್ಲಿ ಮಾರುವವನ ಹೆಸರು, ವಿಳಾಸ, ನೋಂದಣಿ ಸಂಖ್ಯೆ ಇವೆಯೇ ಎಂದು ನೋಡಿರಿ. ಆ ಸಂಖ್ಯೆಯನ್ನು ಪ್ರಾಧಿಕಾರದ ತಾಣದಲ್ಲಿ ತಾಳೆ ಹಾಕಿರಿ. ಬೆಲೆಗೆ ಮೊದಲು ಸರ್ವೆ ನಂಬರನ್ನು ಕೇಳಿರಿ. ಪಹಣಿಯನ್ನೂ ಭೂಪರಿವರ್ತನೆಯ ಆದೇಶವನ್ನೂ ನೋಡಿರಿ. ಉಪನೋಂದಣಿ ಕಚೇರಿಯ ಋಣಭಾರ ಪತ್ರವನ್ನು ಕಾವೇರಿ ತಾಣದ ಮೂಲಕ ನೀವೇ ತರಿಸಿರಿ, ಮಾರುವವನು ಕೊಟ್ಟ ನಕಲನ್ನು ನೆಚ್ಚಬೇಡಿರಿ. ಕೊನೆಗೆ ಆ ನೆಲದ ಮೇಲೆ ಹೋಗಿ ನಿಂತು, ಪಕ್ಕದ ಹೊಲದವನೊಡನೆ ಹತ್ತು ನಿಮಿಷ ಮಾತನಾಡಿರಿ. ಇವತ್ತೇ ಎಂದು ಅವಸರಪಡಿಸುವವನಿಗೆ ನಾಳೆ ಎಂದು ಹೇಳಿರಿ. ನಾಳೆಯವರೆಗೆ ಉಳಿಯದ ಸೈಟು ನಮ್ಮ ಮೊಮ್ಮಕ್ಕಳವರೆಗೆ ಉಳಿದೀತೆ?

ಶಿಷ್ಯನ ಸಮಾಚಾರವನ್ನು ಹೇಳಿ ಮುಗಿಸುವೆನು. ಐದು ತಾಣಗಳ ಮೇಲೂ ತನ್ನ ಹೆಸರು, ನೋಂದಣಿ ಸಂಖ್ಯೆ, ಸೈಟಿನ ಸರ್ವೆ ನಂಬರು ಇದ್ದರೆ ಮಾತ್ರ ಕನ್ನಡ ತಿದ್ದುವೆನೆಂದು ನಾನು ಷರತ್ತು ಹಾಕಿದ್ದೆನು. ಇದುವರೆಗೆ ಎರಡರಲ್ಲಿ ಹಾಕಿರುವನು. ಆ ಎರಡನ್ನೂ ತಿದ್ದಿಕೊಟ್ಟೆನು. ಅವುಗಳಿಂದ ಬರುವ ಕರೆಗಳು ಕಡಿಮೆಯಾದುವಂತೆ; ಆದರೆ ಕರೆದವರು ನೆಲವನ್ನು ನೋಡಲು ಬರುತ್ತಿರುವರಂತೆ. ಉಳಿದ ಮೂರರ ಮಾತೆತ್ತಿದರೆ, “ನೋಡೋಣ, ಗುರುಗಳೇ,” ಎನ್ನುವನು. ನಾನೂ ನೋಡುತ್ತಿರುವೆನು.

ತಂಗಿಯ ಹಣ ಬ್ಯಾಂಕಿನಲ್ಲಿಯೇ ಇದೆ. ಆಕೆಗೆ ಇನ್ನೂ ಮನೆಯಾಗಿಲ್ಲ. ಆ ಚಿಂತೆ ನನ್ನನ್ನೂ ಬಿಟ್ಟಿಲ್ಲ. ಸೈಟು ಬೇಕೆ ಎಂಬ ಕರೆಗಳು ಮಾತ್ರ ಈಗಲೂ ಬರುತ್ತಿರುವುವು. ಆಕೆ ಬೈಯುವುದಿಲ್ಲ, ಬೇಸರಿಸುವುದೂ ಇಲ್ಲ. “ಸರ್ವೆ ನಂಬರು ಹೇಳಪ್ಪಾ,” ಎಂದು ಕೇಳಿ, ಕೈಯಲ್ಲಿ ಸೀಸದಕಡ್ಡಿ ಹಿಡಿದು ಕಾದಿರುವಳು. ಬಹುಮಟ್ಟಿಗೆ ಆಚೆಯ ಕಡೆಯವರೇ ಫೋನನ್ನು ಇಟ್ಟುಬಿಡುವರು.