ಮೌತ್ ಆರ್ಗನ್ನಿನ ಪರವಾಗಿ ಎರಡು ಮಾತು

ನಮ್ಮ ಕಾಲೇಜಿನ ಸಾಂಸ್ಕೃತಿಕ ಸ್ಪರ್ಧೆಗಳಲ್ಲಿ ಭಾವಗೀತೆಗೆ ಹೆಸರು ಕೊಡುವವರಿಗೆ ಬರವಿಲ್ಲ. ಏಕಪಾತ್ರಾಭಿನಯಕ್ಕೂ ಸಾಕಷ್ಟು ಮಂದಿ ಮುಂದೆ ಬರುತ್ತಾರೆ. ವಾದ್ಯಸಂಗೀತದ ಪಟ್ಟಿ ಮಾತ್ರ ಒಂದೆರಡು ಹೆಸರಿಗೆ ನಿಂತುಹೋಗುತ್ತದೆ. ನಮ್ಮ ವಿದ್ಯಾರ್ಥಿಗಳಿಗೆ ವಾದ್ಯದಲ್ಲಿ ಅಭಿರುಚಿ ಕಡಿಮೆಯೆಂದು ಇದಕ್ಕೆ ಕಾರಣ ಹೇಳುವುದುಂಟು. ಇದನ್ನು ನಾನು ಒಪ್ಪಲಾರೆ. ಧರ್ಮಪುರದ ಕೆರೆಯ ಆಚೀಚಿನ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಟ್ಟಿದಾಗ, ಹಾರ್ಮೋನಿಯಂ ಮೇಷ್ಟ್ರ ಸುತ್ತ ನಡುರಾತ್ರಿಯವರೆಗೆ ಕಣ್ಣು ಮಿಟುಕಿಸದೆ ಕುಳಿತಿರುವ ಹುಡುಗರನ್ನು ನೋಡಿದ ಯಾರೂ ಹಾಗೆ ಹೇಳಲಾರರು. ಅಭಿರುಚಿ ಉಂಟು, ವಾದ್ಯವಿಲ್ಲ. ಮಳೆಯನ್ನು ನಂಬಿ ಶೇಂಗಾ ಬಿತ್ತುವ ಮನೆಯ ಹುಡುಗನು ಪಿಟೀಲನ್ನೋ ವೀಣೆಯನ್ನೋ ಕೊಡಿಸೆಂದು ಅಪ್ಪನನ್ನು ಯಾವ ಬಾಯಲ್ಲಿ ಕೇಳಬೇಕು? ಹೊಸ ಹಾರ್ಮೋನಿಯಂ ಎಂದರೂ ಸಾವಿರಗಳಲ್ಲಿ ಎಣಿಸಬೇಕಾದ ಮಾತು. ಕೊಳಲು ಅಗ್ಗವಲ್ಲವೆ ಎಂದು ಯಾರಾದರೂ ಕೇಳಬಹುದು. ಅಗ್ಗವೇ ಸರಿ. ಆದರೆ ಕೊಳಲಿನಲ್ಲಿ ಮೊದಲ ನಾದ ಹೊರಡುವುದಕ್ಕೇ ಎಷ್ಟೋ ದಿನ ಹಿಡಿಯುತ್ತದೆ. ಹತ್ತಿರ ಗುರುವಿಲ್ಲದವನಿಗೆ ಅಷ್ಟರಲ್ಲಿ ಉತ್ಸಾಹ ಇಳಿದಿರುತ್ತದೆ.

ಈ ಕಾರಣದಿಂದ, ಈಚೆಗೆ ಅಗ್ಗದ ಬೆಲೆಗೆ ಸಿಗುತ್ತಿರುವ ಹತ್ತು ರಂಧ್ರದ ಹೊಸ ಮೌತ್ ಆರ್ಗನ್ ಒಂದನ್ನು 450 ರೂಪಾಯಿ ಕೊಟ್ಟು ತರಿಸಿ, ಎರಡು ತಿಂಗಳು ಪರೀಕ್ಷಿಸಿದೆ. ತಯಾರಕರ ಹೆಸರನ್ನು ಹೇಳುವುದಿಲ್ಲ. ಇದು ಜಾಹೀರಾತೂ ಅಲ್ಲ, ದೂರೂ ಅಲ್ಲ.

ನಮ್ಮ ಕಡೆಯ ಅಂಗಡಿಗಳಲ್ಲಿ ನಾನು ಹಿಂದೆ ನೋಡಿದ್ದು ಇಪ್ಪತ್ತನಾಲ್ಕು ರಂಧ್ರದ ಉದ್ದನೆಯ ಮೌತ್ ಆರ್ಗನ್ನು. ಅದರಲ್ಲಿ ಒಂದೊಂದು ಸ್ವರಕ್ಕೂ ಎರಡೆರಡು ರೀಡುಗಳನ್ನು ಚೂರು ಹೆಚ್ಚುಕಡಿಮೆ ಶ್ರುತಿಯಲ್ಲಿ ಇಟ್ಟಿರುವುದರಿಂದ ನಾದವು ಅಲೆಯಲೆಯಾಗಿ ನಡುಗುತ್ತದೆ. ಕೇಳಲು ಇಂಪು, ಆದರೆ ಎಲ್ಲಕ್ಕೂ ಅದೇ ನಡುಕ. ಹತ್ತು ರಂಧ್ರದ್ದು ಬೇರೆ ಜಾತಿ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಒಂದೊಂದು ರಂಧ್ರದೊಳಗೂ ಎರಡು ಹಿತ್ತಾಳೆಯ ರೀಡುಗಳು: ಊದಿದರೆ ಒಂದು ನುಡಿಯುತ್ತದೆ, ಉಸಿರನ್ನು ಒಳಕ್ಕೆ ಸೆಳೆದರೆ ಇನ್ನೊಂದು. ಒಟ್ಟು ಇಪ್ಪತ್ತು.

ನನ್ನ ಕೈಗೆ ಬಂದ ವಾದ್ಯದಲ್ಲಿ ಇಪ್ಪತ್ತರ ಪೈಕಿ ಹದಿನೇಳು ಮೊದಲ ದಿನವೇ ಸರಿಯಾಗಿ ನುಡಿದವು. ಶ್ರುತಿಯನ್ನು ಮೊಬೈಲಿನಲ್ಲಿ ಹಿಡಿದು ನೋಡಿದಾಗ ಎರಡು ರೀಡು ಕೊಂಚ ಇಳಿದಿದ್ದವು. ಹತ್ತನೆಯ ರಂಧ್ರದ ಒಂದು ಮಾತ್ರ ಕೀರಲು ದನಿಯಿಂದ ಆಚೆಗೆ ಬರಲೇ ಇಲ್ಲ. ಎರಡನೆಯ ರಂಧ್ರದಲ್ಲಿ ಉಸಿರು ಸೆಳೆದಾಗ ಹೊಸಬರಿಗೆ ಸ್ವರ ಉಸಿರುಗಟ್ಟಿದಂತೆ ಕೇಳುತ್ತದೆ. ಅದು ವಾದ್ಯದ ದೋಷವಲ್ಲ. ಮೆಲ್ಲನೆ, ಗಂಟಲು ಸಡಿಲಿಸಿ ಸೆಳೆದರೆ ತಾನೇ ತಿಳಿಯಾಗುತ್ತದೆ. ಇದನ್ನು ತಿಳಿಯದೆ ಅಂಗಡಿಗೆ ಹಿಂದಿರುಗಿಸುವವರೂ ಉಂಟು.

ದೊಡ್ಡ ಕೊರತೆಯೆಂದರೆ ಗಾಳಿಯ ಸೋರಿಕೆ. ರೀಡಿನ ತಗಡು ಕೆಳಗಿನ ಪ್ಲಾಸ್ಟಿಕ್ ಚೌಕಟ್ಟಿನ ಮೇಲೆ ಸರಿಯಾಗಿ ಕೂತಿರಲಿಲ್ಲ. ಒಂದು ಸ್ವರ ನುಡಿಸಲು ಎರಡರಷ್ಟು ಉಸಿರು ಬೇಕಾಗುತ್ತಿತ್ತು. ಗಡಿಯಾರ ರಿಪೇರಿ ಮಾಡುವವರ ಬಳಿ ಇರುವಂಥ ಪುಟ್ಟ ಸ್ಕ್ರೂಡ್ರೈವರ್ ತಂದು ಬಿಚ್ಚಿ, ಚೌಕಟ್ಟನ್ನು ನಯವಾದ ಉಜ್ಜುಕಾಗದದ ಮೇಲೆ ಸಮನಾಗಿ ತಿಕ್ಕಿ, ತೊಳೆದು, ಮತ್ತೆ ಬಿಗಿಮಾಡಿದ ಮೇಲೆ ಅದು ಬೇರೆ ವಾದ್ಯವೇ ಆಯಿತೆನ್ನಬಹುದು. ಶ್ರುತಿ ಇಳಿದ ರೀಡಿನ ತುದಿಯನ್ನು ಕೂದಲೆಳೆಯಷ್ಟು ಕೆರೆದರೆ ಶ್ರುತಿ ಏರುತ್ತದೆ. ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಹಾರ್ಮೋನಿಯಂ ರಿಪೇರಿ ಮಾಡುವವರು ತಲೆಮಾರುಗಳಿಂದ ಮಾಡುತ್ತಿರುವುದೂ ಇದೇ ಕೆಲಸ. ಅಂದಹಾಗೆ, ಜರ್ಮನಿಯ ಟ್ರೊಸಿಂಗೆನ್ ಎಂಬ ಊರಿನಲ್ಲಿ 1857ರಲ್ಲಿ ಈ ವಾದ್ಯದ ಉದ್ಯಮವನ್ನು ಆರಂಭಿಸಿ ಲೋಕಕ್ಕೆಲ್ಲ ಹಂಚಿದ ಮಥಿಯಾಸ್ ಹೋನರ್ ಕೂಡ ಗಡಿಯಾರ ಮಾಡುವವನೇ ಆಗಿದ್ದನು.

ಇನ್ನು ಸ್ವರಗಳ ವಿಚಾರ. ನಾಟಕದ ಮೇಷ್ಟ್ರು ಬಿಳಿ ಒಂದು ಎನ್ನುವ ಶ್ರುತಿಯ ವಾದ್ಯವಿದು. ನಾಲ್ಕನೆಯ ರಂಧ್ರದಲ್ಲಿ ಊದಿದರೆ ಷಡ್ಜ, ಸೆಳೆದರೆ ರಿಷಭ. ಐದರಲ್ಲಿ ಗಾಂಧಾರ, ಮಧ್ಯಮ. ಆರರಲ್ಲಿ ಪಂಚಮ, ಧೈವತ. ಏಳಕ್ಕೆ ಬಂದಾಗ ಕ್ರಮ ತಲೆಕೆಳಗಾಗಿ, ಮೊದಲು ಸೆಳೆದು ನಿಷಾದ, ಆಮೇಲೆ ಊದಿ ಮೇಲಿನ ಷಡ್ಜ. ಇಷ್ಟರಲ್ಲಿ ಶಂಕರಾಭರಣದ ಏಳು ಸ್ವರಗಳೂ ಬಂದವು. ಮೋಹನವೂ ಹಂಸಧ್ವನಿಯೂ ಯಾವ ಕಷ್ಟವೂ ಇಲ್ಲದೆ ಸಿಗುತ್ತವೆ. ಕೆಳಗಿನ ಮೂರು ರಂಧ್ರಗಳಲ್ಲಿ ಮಾತ್ರ ಮಧ್ಯಮ ಧೈವತಗಳು ಇಲ್ಲವೇ ಇಲ್ಲ. ಪಾಶ್ಚಾತ್ಯರ ಮೇಳಸ್ವರಕ್ಕೆ ಅನುಕೂಲವಾಗಲೆಂದು ಹಾಗೆ ಜೋಡಿಸಿದ್ದಾರೆ.

ಸಂಗೀತ ಬಲ್ಲವರು ಇಲ್ಲಿ ಒಂದು ಪ್ರಶ್ನೆ ಹಾಕುತ್ತಾರೆ. ನಮ್ಮಲ್ಲಿ ಪಾಠ ಆರಂಭವಾಗುವುದು ಮಾಯಾಮಾಳವಗೌಳದ ಸರಳೆ ವರಸೆಯಿಂದ. ಅದಕ್ಕೆ ಶುದ್ಧ ರಿಷಭ, ಶುದ್ಧ ಧೈವತ ಬೇಕು. ಅವೆರಡೂ ಈ ವಾದ್ಯದಲ್ಲಿ ಎಲ್ಲಿವೆ? ಬರೆದಿಟ್ಟ ಹಾಗೆ ನೋಡಿದರೆ ಇಲ್ಲ. ಆದರೆ ನಾಲ್ಕನೆಯ ರಂಧ್ರದಲ್ಲಿ ಉಸಿರು ಸೆಳೆಯುವಾಗ ನಾಲಗೆಯನ್ನು ಕೊಂಚ ಹಿಂದೆಗೆದು ಬಾಯೊಳಗಿನ ಅವಕಾಶವನ್ನು ಬದಲಿಸಿದರೆ, ರಿಷಭವು ಅರ್ಧ ಸ್ವರ ಜಾರಿ ಶುದ್ಧ ರಿಷಭವಾಗುತ್ತದೆ. ಆರನೆಯದರಲ್ಲಿ ಧೈವತವೂ ಹಾಗೆಯೇ ಜಾರುತ್ತದೆ. ಒಂದೇ ಗೂಡಿನಲ್ಲಿರುವ ಎರಡು ರೀಡುಗಳು ಒಂದಕ್ಕೊಂದು ಸ್ಪಂದಿಸುವುದರಿಂದ ಇದು ಸಾಧ್ಯ. ಇಪ್ಪತ್ತನಾಲ್ಕು ರಂಧ್ರದ್ದರಲ್ಲಿ ರೀಡುಗಳ ಗೂಡು ಬೇರೆ ಬೇರೆಯಾದ್ದರಿಂದ ಈ ಜಾರು ದೊರೆಯುವುದಿಲ್ಲ. ನನಗೆ ಶುದ್ಧ ರಿಷಭ ಸ್ಥಿರವಾಗಿ ನಿಂತಿದ್ದು ಐದನೆಯ ವಾರ. ಧೈವತ ಈಗಲೂ ಹತ್ತರಲ್ಲಿ ಆರು ಸಲ ಬರುತ್ತದೆ. ಆದರೂ ಆರೋಹಣ ಅವರೋಹಣ ಕೇಳುವವರಿಗೆ ಗುರುತು ಸಿಗುವಷ್ಟು ಬಂದಿದೆ. ಒಂದು ಮಾತು ಮರೆಯಬಾರದು: ಗಾಳಿ ಸೋರುವ ವಾದ್ಯದಲ್ಲಿ ಸ್ವರ ಜಾರಿಸುವುದು ಹೊಸಬನಿಂದ ಆಗದ ಕೆಲಸ. ಆದುದರಿಂದಲೇ ಸೋರಿಕೆಯ ವಿಷಯವನ್ನು ಅಷ್ಟು ಉದ್ದವಾಗಿ ಬರೆದೆ.

ಇಷ್ಟಾದರೂ ಇದು ಆಟಿಕೆ, ಜಾತ್ರೆಯ ಪೀಪಿಯ ಅಣ್ಣ ಎನ್ನುವವರು ನಮ್ಮಲ್ಲಿದ್ದಾರೆ. ಕೆಲವರಿಗೆ ಇದು ಸಿನಿಮಾದ ಸಾಮಾನು. ರಾಮನಗರದ ಬಂಡೆಗಳ ನಡುವೆ ತೆಗೆದ 1975ರ ‘ಷೋಲೆ’ಯಲ್ಲಿ ಅಮಿತಾಭ್ ಬಚ್ಚನ್ ಸಂಜೆಗತ್ತಲಲ್ಲಿ ಕುಳಿತು ಊದುವ ದೃಶ್ಯವೇ ಅವರಿಗೆ ನೆನಪು. ಆ ನಾದದ ಹಿಂದಿದ್ದವರು ಭಾನು ಗುಪ್ತ ಎಂಬ ವಾದಕರೆಂಬುದು ಎಷ್ಟು ಜನಕ್ಕೆ ಗೊತ್ತು? ಇನ್ನು ಕೆಲವರ ಆಕ್ಷೇಪಣೆ, ಇದು ವಿದೇಶಿ, ಗಮಕಕ್ಕೆ ಒಗ್ಗದು ಎಂದು. ಪಿಟೀಲು ಎಲ್ಲಿಂದ ಬಂತು? ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಸ್ಯಾಕ್ಸೊಫೋನನ್ನು ಹಿಡಿದು, ಅದನ್ನು ನಮ್ಮ ಸಂಗೀತಕ್ಕೆ ಬಗ್ಗಿಸಿ, 2004ರಲ್ಲಿ ಪದ್ಮಶ್ರೀ ಪಡೆದರಲ್ಲ! ಮೌತ್ ಆರ್ಗನ್ನಿನಲ್ಲಿ ಅಷ್ಟು ಗಮಕ ಬರುತ್ತದೆಂದು ನಾನು ಹೇಳುವುದಿಲ್ಲ. ತೋಡಿಯನ್ನು ಇದರಲ್ಲಿ ನುಡಿಸಹೊರಟವನನ್ನು ನಾನೇ ತಡೆಯುತ್ತೇನೆ. ಆದರೆ ಗಮಕವಿಲ್ಲವೆಂಬ ಇದೇ ಕಾರಣ ಹೇಳಿ 1940ರಲ್ಲಿ ಆಕಾಶವಾಣಿಯು ಹಾರ್ಮೋನಿಯಮ್ಮನ್ನು ಹೊರಗಿಟ್ಟಿತು. ಮೂವತ್ತೊಂದು ವರ್ಷದ ಮೇಲೆ, 1971ರಲ್ಲಿ, ಆ ನಿಷೇಧವನ್ನು ಸಡಿಲಿಸಿತು. ಆ ಮೂವತ್ತೊಂದು ವರ್ಷವೂ ನಮ್ಮ ಹಳ್ಳಿಯ ರಂಗಸ್ಥಳಗಳಲ್ಲಿ ಭೀಮನೂ ದುರ್ಯೋಧನನೂ ಹಾರ್ಮೋನಿಯಮ್ಮಿನ ಶ್ರುತಿಗೇ ಹಾಡುತ್ತಿದ್ದರು. ಹಾರ್ಮೋನಿಯಂ, ಮೌತ್ ಆರ್ಗನ್ ಎರಡೂ ಒಂದೇ ಮನೆತನದವು. ಎರಡರಲ್ಲೂ ನುಡಿಯುವುದು ಗಾಳಿಗೆ ಅದುರುವ ಹಿತ್ತಾಳೆಯ ನಾಲಗೆಯೇ. ಅಣ್ಣನನ್ನು ಪೂಜಿಸಿ ತಮ್ಮನನ್ನು ಹೊಸ್ತಿಲಾಚೆ ನಿಲ್ಲಿಸುವುದು ಯಾವ ನ್ಯಾಯ?

ಎಂಜಲಿನ ಮಾತೊಂದುಂಟು. ನಮ್ಮ ಅಜ್ಜಿ ಈ ವಾದ್ಯವನ್ನು ದೇವರ ಕೋಣೆಯ ಹತ್ತಿರಕ್ಕೂ ಬಿಡಲಿಲ್ಲ. “ಬಾಯಲ್ಲಿ ಕಚ್ಚಿಕೊಂಡಿದ್ದನ್ನ ಅಲ್ಲೇ ಹೊರಗೆ ಇಟ್ಟು ಬಾರೋ” ಎಂಬುದು ಅವರ ಅಪ್ಪಣೆ. ಅವರ ಮಾತಿನಲ್ಲಿ ಆರೋಗ್ಯಶಾಸ್ತ್ರವೂ ಇದೆ. ಹಾರ್ಮೋನಿಯಮ್ಮಿನಂತೆ ಇದನ್ನು ಹತ್ತು ಮಂದಿ ಹಂಚಿಕೊಳ್ಳಲಾಗದು. ಒಬ್ಬೊಬ್ಬನಿಗೂ ಅವನದೇ ಬೇಕು. ಬೆಲೆ ಅಗ್ಗವಾಗಿರಬೇಕಾದ ಅಗತ್ಯವೂ ಇದರಿಂದಲೇ ಹುಟ್ಟುತ್ತದೆ.

ಆದರೆ ಅಗ್ಗದ ವಾದ್ಯದಿಂದ ಆಗುವ ಒಂದು ಅನ್ಯಾಯವನ್ನು ಇಲ್ಲಿ ಹೇಳಲೇಬೇಕು. ಕೆಟ್ಟ ಪೆನ್ನು ಕೊಂಡವನು ಪೆನ್ನನ್ನು ಬೈಯುತ್ತಾನೆ. ಕೆಟ್ಟ ವಾದ್ಯ ಕೊಂಡ ಹುಡುಗನು ತನ್ನನ್ನೇ ಬೈದುಕೊಳ್ಳುತ್ತಾನೆ. ಮೊದಲ ಸಲ ಊದುವವನಿಗೆ ಅಪಶ್ರುತಿ ರೀಡಿನದೋ ತನ್ನದೋ ತಿಳಿಯುವ ಬಗೆಯೇ ಇಲ್ಲ. ನನ್ನ ಸಹಪಾಠಿಯೊಬ್ಬ ಹೀಗೆಯೇ ಒಂದನ್ನು ಕೊಂಡು, ನಾಲ್ಕು ದಿನ ಊದಿ, “ನನಗೆ ಸ್ವರಜ್ಞಾನ ಇಲ್ಲ ಬಿಡಪ್ಪ” ಎಂದು ಟ್ರಂಕಿನಲ್ಲಿ ಹಾಕಿಬಿಟ್ಟಿದ್ದ. ತೆರೆದು ನೋಡಿದರೆ ಅವನ ಐದನೆಯ ರಂಧ್ರದ ಮಧ್ಯಮದ ರೀಡು ಓರೆಯಾಗಿ ತಗಡಿಗೆ ತಾಗುತ್ತಿತ್ತು. ಸರಿಪಡಿಸಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಆ ಹತ್ತು ನಿಮಿಷ ಸಿಗದೆ ಎಷ್ಟು ಜನ ತಮಗೆ ಸಂಗೀತವಿಲ್ಲವೆಂದು ತೀರ್ಮಾನಿಸಿಕೊಂಡಿದ್ದಾರೋ!

ಹಾಗಾದರೆ ಏನು ಮಾಡಬೇಕು? ಕೊಳ್ಳುವವನು ಹತ್ತು ರಂಧ್ರಗಳನ್ನೂ ಊದಿಯೂ ಸೆಳೆದೂ ನೋಡಬೇಕು. ಅಂಗಡಿಯವರು ಎಂಜಲೆಂದು ಬಿಡುವುದಿಲ್ಲ. ಅವರ ಮಾತೂ ಸರಿಯೇ. ಬಾಯಿ ತಾಗಿಸದೆ ಪರೀಕ್ಷಿಸುವುದಕ್ಕೆಂದು ಕೈಯಲ್ಲಿ ಒತ್ತುವ ಚಿಕ್ಕ ತಿದಿಗಳುಂಟು. ಅಂಥದೊಂದನ್ನು ನಮ್ಮ ಪಟ್ಟಣಗಳ ಅಂಗಡಿಯವರು ಇಟ್ಟುಕೊಂಡರೆ ಗಿರಾಕಿಗೂ ಅವರಿಗೂ ಲಾಭ. ಇನ್ನು ನಮ್ಮ ಕಾಲೇಜಿನ ಮಟ್ಟಿಗೆ ನಾನು ಕೇಳುವುದು ದೊಡ್ಡ ಖರ್ಚಿನ ಮಾತಲ್ಲ. ವಾದ್ಯಸಂಗೀತ ಸ್ಪರ್ಧೆಯ ಪ್ರಕಟಣೆಯಲ್ಲಿ “ವೀಣೆ, ಪಿಟೀಲು, ಕೊಳಲು, ಹಾರ್ಮೋನಿಯಂ, ತಬಲ” ಎಂದು ಅಚ್ಚಾಗುವ ಸಾಲಿಗೆ ಮೌತ್ ಆರ್ಗನ್ ಎಂಬ ಎರಡು ಪದಗಳನ್ನು ಸೇರಿಸಬೇಕು. ಪ್ರಯೋಗಾಲಯಕ್ಕೆ ಸಾಮಾನು ತರಿಸುವಾಗ ಒಂದು ಜೊತೆ ಪುಟ್ಟ ಸ್ಕ್ರೂಡ್ರೈವರನ್ನೂ ಒಂದು ಹಾಳೆ ಉಜ್ಜುಕಾಗದವನ್ನೂ ಕಲಾ ವಿಭಾಗದ ಹೆಸರಿನಲ್ಲಿ ತರಿಸಬೇಕು. ಶನಿವಾರ ಮಧ್ಯಾಹ್ನ ತರಗತಿ ಮುಗಿದ ಮೇಲೆ, ಧರ್ಮಪುರದ ಬಸ್ಸು ಬರುವತನಕ, ಯಾರ ವಾದ್ಯ ಸೋರುತ್ತಿದ್ದರೂ ಬಿಚ್ಚಿ ನೋಡಿಕೊಡಲು ನಾನೂ ಮೇಲೆ ಹೇಳಿದ ಸಹಪಾಠಿಯೂ ಸಿದ್ಧರಿದ್ದೇವೆ.