ಬೆಂಕಿ ಬೆಟ್ಟದ ಜೀಪು ಇರಲಿ, ಕೇಕೆ ಬೇಡ



ಇಂಡೋನೇಷ್ಯಾ ದೇಶದ ಜಾವಾ ದ್ವೀಪದಲ್ಲಿ ಮೆರಾಪಿ ಎಂಬ ಜ್ವಾಲಾಮುಖಿ ಇದೆ. ಎತ್ತರ ಸುಮಾರು 2,900 ಮೀಟರ್. ಅದನ್ನು ನೋಡಲು ಬಂದವರನ್ನು ಅಲ್ಲಿಯ ಹಳ್ಳಿಯವರು ಜೀಪಿನಲ್ಲಿ ಸುತ್ತಿಸುತ್ತಾರೆ. ಮೇಲೆ ಹೊದಿಕೆ ಇಲ್ಲದ ಜೀಪು, ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ. ಬೂದಿ, ಮರಳು, ಕಲ್ಲುಗುಂಡು ಏನಿದ್ದರೂ ಹತ್ತಿ ಇಳಿಯುತ್ತದೆ. ಕೊನೆಗೆ ಹಳ್ಳದ ನೀರಿನಲ್ಲಿ ಜೋರಾಗಿ ಓಡಿಸಿ ಎಲ್ಲರನ್ನೂ ತೋಯಿಸುತ್ತಾರೆ.

ಈ ವಿಷಯಕ್ಕೆ ನಮ್ಮ ತರಗತಿಯಲ್ಲಿ ಎರಡು ಪಕ್ಷ ಆಗಿವೆ. ಕೆಲವರು 'ಎಂಥಾ ಮಜಾ!' ಅಂತಾರೆ. ಕೆಲವರು 'ಮಂದಿ ಸತ್ತ ಜಾಗದಾಗ ಮಜಾ ಮಾಡೋದು ಪಾಪ, ಬಂದ್ ಮಾಡಬೇಕು' ಅಂತಾರೆ. ನನಗೆ ಎರಡೂ ಸರಿ ಅನಿಸುವುದಿಲ್ಲ.

2010ರ ಅಕ್ಟೋಬರ್ 26ರಂದು ಮೆರಾಪಿ ಸಿಡಿಯಿತು. ನವೆಂಬರ್ 5ರಂದು ಇನ್ನೂ ಜೋರಾಗಿ ಸಿಡಿಯಿತು. 350ಕ್ಕಿಂತ ಹೆಚ್ಚು ಜನ ಸತ್ತರು. ಬೆಟ್ಟ ಕಾಯಲು ಸುಲ್ತಾನರು ನೇಮಿಸಿದ್ದ ಅಜ್ಜ ಮಾರಿಜಾನ್ ಊರು ಬಿಡಲು ಒಪ್ಪದೆ ಅಲ್ಲೇ ತೀರಿಕೊಂಡರು. ಬಹಳ ಜನರನ್ನು ಕೊಂದದ್ದು ಹರಿಯುವ ಲಾವಾ ಅಲ್ಲ, ಸುಡುವ ಬೂದಿ ಮತ್ತು ಅನಿಲದ ಮೋಡ. ಅದು ಗಂಟೆಗೆ 100 ಕಿಲೋಮೀಟರ್‌ಗೂ ಮೀರಿ ಓಡಬಲ್ಲದು. ಅಲ್ಲಿಯವರು ಅದನ್ನು 'ವೆದುಸ್ ಗೆಂಬೆಲ್' ಅನ್ನುತ್ತಾರೆ. ಅಂದರೆ ಗುಂಗುರು ಉಣ್ಣೆಯ ಕುರಿ! ನಮ್ಮ ಮನೆಯಲ್ಲೂ ಕುರಿ ಇವೆ, ಅದಕ್ಕೇ ಆ ಹೆಸರು ಕೇಳಿ ಮೈ ಜುಂ ಅಂತು.

ಅಂಥ ಕಡೆ ಯಾಕೆ ಇರಬೇಕು ಅಂತ ಕೇಳಬಹುದು. ಬೂದಿ ಬಿದ್ದ ಮಣ್ಣು ಮುಂದೆ ಬಹಳ ಫಲವತ್ತಾಗುತ್ತದೆ. ನಮ್ಮ ಎರೆ ಹೊಲದ ಮಣ್ಣೂ ಸುಮಾರು 6.6 ಕೋಟಿ ವರ್ಷದ ಹಿಂದಿನ ಲಾವಾ ಕಲ್ಲಿನಿಂದಲೇ ಆದದ್ದು. ಆ ಜನ ಬೆಳೆ ಬೆಳೆದು, ಹಸು ಕಟ್ಟಿ, ಹಾಲು ಮಾರಿ ಬದುಕುತ್ತಿದ್ದರು. ಹಸು ಸತ್ತವು, ಮನೆ ಬೂದಿಯಲ್ಲಿ ಹೂತವು. ಆಮೇಲೆ ಜೀಪಿನ ಕೆಲಸ ಬಂತು. ಬಂದ್ ಮಾಡಿದರೆ ಅವರು ಏನು ತಿನ್ನಬೇಕು?

ಆದರೆ ಹೋದವರು ಹೇಗಿರಬೇಕು ಅನ್ನುವುದೂ ಇದೆ. ಅಲ್ಲಿ ಒಂದು ಸುಟ್ಟ ಮನೆಯನ್ನು ಹಾಗೇ ಇಟ್ಟಿದ್ದಾರೆ. ಕರಗಿದ ಗಡಿಯಾರ, ಪಾತ್ರೆ, ಹಸುವಿನ ಎಲುಬು ಇವೆ. ಅದರ ಹೆಸರಿನ ಅರ್ಥ 'ನನ್ನ ಆಸ್ತಿಯಲ್ಲಿ ಉಳಿದದ್ದು'. ಅದರ ಮುಂದೆ ಕೇಕೆ ಹಾಕಿ ಫೋಟೋ ತೆಗೆಸಿಕೊಳ್ಳಬಾರದು. 2009ರ ನೆರೆ ಬಂದಾಗ ನಾನು ಹುಟ್ಟಿರಲಿಲ್ಲ. ನಮ್ಮಜ್ಜಿ ಈಗಲೂ ಹೇಳ್ತಾಳೆ: "ಬಿದ್ದ ಗ್ವಾಡಿ ನೋಡಾಕ ಜೀಪಿನ್ಯಾಗ ಬಂದ್ರು, ಫೋಟೋ ತಗೊಂಡ್ರು. ಉಂಡೀಯೇನವ್ವಾ ಅಂತ ಒಬ್ರೂ ಕೇಳಲಿಲ್ಲ."

ಇನ್ನೊಂದು ಮಾತು. ಮೆರಾಪಿ ಇನ್ನೂ ಜೀವಂತ ಇದೆ. ಕಾಲಿಅಡೆಮ್ ಎಂಬಲ್ಲಿ ಜನ ಅಡಗಿಕೊಳ್ಳಲು ನೆಲಮಾಳಿಗೆ ಕಟ್ಟಿದ್ದರು. 2006ರಲ್ಲಿ ಅದರೊಳಗೆ ಹೊಕ್ಕ ಇಬ್ಬರೂ ಸತ್ತರು. ಈಗ ಜೀಪು ಅಲ್ಲಿಯೂ ನಿಲ್ಲುತ್ತದೆ. ಆದ್ದರಿಂದ ಚಾಲಕ 'ಇವತ್ತು ಮುಂದೆ ಬೇಡ' ಅಂದರೆ 'ದುಡ್ಡು ಕೊಟ್ಟೀವಿ, ಮ್ಯಾಲೆ ಹೋಗು' ಅಂತ ಜಗಳ ತೆಗೆಯಬಾರದು. ಮೇಲೆ ಹೋಗಲಿಲ್ಲ ಅಂತ ಬಾಡಿಗೆಯಲ್ಲಿ ಒಂದು ರೂಪಾಯಿಯನ್ನೂ ಕಡಿಮೆ ಮಾಡಬಾರದು. (ಅವರ ದುಡ್ಡಿಗೂ 'ರುಪಿಯಾ' ಅಂತಲೇ ಹೆಸರು.)